ಮೊಳಕಾಲು ನೀರು

ತೂಬಿನ ಹಲಗೆಯನ್ನು ಮೇಲಕ್ಕೆತ್ತಿದ ಚಿಂಗ್‌ಹೋ ಇನ್ನೂ ಅದರಿಂದ ಕೈ ತೆಗೆದಿರಲಿಲ್ಲ, ಅಷ್ಟರಲ್ಲಿ ಮೊದಲ ಹಕ್ಕಿ ಅವನ ಪಕ್ಕದಲ್ಲೇ ಇಳಿಯಿತು. ಚೀಗು ಎಂಬ ಕಡಲಂಚಿನ ಊರಿನ ಮೀನುಹೊಂಡಗಳ ಮೇಲೆ ಬೆಳಗಿನ ಮಂಜು ಹಾಸಿಕೊಂಡಿತ್ತು. ಏರಿ ಕಾಣುತ್ತಿರಲಿಲ್ಲ, ಅದರಾಚೆಯ ಸಮುದ್ರವೂ ಕಾಣುತ್ತಿರಲಿಲ್ಲ. ಮೊಳಕಾಲುದ್ದದ ನೀರಿನಲ್ಲಿ ಬಗ್ಗಿ ನಿಂತಿದ್ದ ಅವನನ್ನು ಆ ಹಕ್ಕಿ ಯಾವುದೋ ಗೂಟವೆಂದು ತಿಳಿದಿರಬೇಕು.

ಆ ವರ್ಷದ ಹೂಮೀನು ಹಿಡಿದು ಮಾರಿಯಾಗಿತ್ತು. ಉಳಿದ ನೀರನ್ನೂ ಬಸಿದುಬಿಟ್ಟರೆ ಹೊಂಡ ಒಣಗುತ್ತದೆ. ಒಣಗಿದ ಹೊಂಡದಲ್ಲಿ ಸೋಲಾರ್ ಕಂಪನಿಯವರು ಕಂಬ ನೆಡುತ್ತಾರೆ. ಅವರು ಅಳತೆಗೆ ಬರುವ ದಿನ ಅದು. ಇದನ್ನು ಅವನು ಹೆಂಡತಿ ಸೂಫೆನ್‌ಗೆ ಹೇಳಿರಲಿಲ್ಲ. ಪಕ್ಕದ ಹಕ್ಕಿಧಾಮಕ್ಕೆ ಬಂದವರಿಗೆ ದುರ್ಬೀನಿನಲ್ಲಿ ಹಕ್ಕಿ ತೋರಿಸುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಚಳಿಗಾಲಕ್ಕೆ ಕೊರಿಯಾದ ಕಡೆಯಿಂದ ಬರುವ ಕಪ್ಪು ಮೋರೆಯ ಚಮಚಕೊಕ್ಕರೆಗಳಿಗೆ ಧಾಮದ ನೀರೊಂದೇ ಸಾಲದು, ಮಾರಾಟ ಮುಗಿದ ಹೊಂಡಗಳಲ್ಲಿ ಮೊಳಕಾಲು ನೀರನ್ನೂ ಯಾರೂ ಕೊಳ್ಳದ ಪುಡಿಮೀನನ್ನೂ ಉಳಿಸಿಕೊಡಿ ಎಂದು ಧಾಮದವರು ಊರಿನವರನ್ನು ಬೇಡಿಕೊಂಡಿದ್ದರು. ಒಬ್ಬಿಬ್ಬರು ಒಪ್ಪಿದ್ದರು. ಸೂಫೆನ್ ಗಂಡನನ್ನೂ ಕೇಳಿದ್ದಳು.

"ಜೀವಮಾನವೆಲ್ಲ ಪಟಾಕಿ ಹೊಡೆದು ಓಡಿಸಿದೀನಿ ಅವನ್ನ," ಅಂದಿದ್ದ ಅವನು. "ಈಗ ಕೂರಿಸಿ ಬಡಿಸ್ಲಾ?"

"ನೀನೇನೂ ಬಡಿಸ್ಬೇಡ. ಇರೋ ತಟ್ಟೆ ಕಿತ್ಕೋಬೇಡ, ಅಷ್ಟು ಸಾಕು."

ಅಲ್ಲಿಂದೀಚೆಗೆ ಮೀನಿನ ಗಂಜಿಯ ಬಟ್ಟಲನ್ನು ಅವನ ಮುಂದಿಡುವಾಗಲೂ ಅವಳು ಮಾತಾಡುತ್ತಿರಲಿಲ್ಲ.

ಮಂಜಿನೊಳಗಿಂದ ಎರಡನೆಯದು ಬಂತು, ಆಮೇಲೆ ಎಣಿಸಲಾಗದಷ್ಟು. ರೆಕ್ಕೆಯ ಸದ್ದು ಮಾತ್ರ ಕೇಳಿಸುತ್ತಿತ್ತು, ನಂತರ ಬಿಳುಪೇ ಗಟ್ಟಿಯಾದಂತೆ ಒಂದೊಂದು ಹಕ್ಕಿ ನೀರಿನ ಮೇಲೆ ಮೂಡುತ್ತಿತ್ತು. ತೂಬಿನ ಸಂದಿಯಿಂದ ನೀರು ಹರಿದುಹೋಗುತ್ತಿತ್ತು. ಅದರ ಸೆಳೆತಕ್ಕೆ ಹೊಂಡದ ಪುಡಿಮೀನೆಲ್ಲ ಅವನ ಕಾಲ ಬಳಿ ಬಂದು ಸೇರುತ್ತಿತ್ತು, ಮೀನಿನ ಹಿಂದೆ ಹಕ್ಕಿಗಳು. ಅಗಲ ಕೊಕ್ಕನ್ನು ನೀರಿಗದ್ದಿ ಅತ್ತಿತ್ತ ಬೀಸುತ್ತ, ಅವನನ್ನು ಸುತ್ತಿಕೊಂಡು ಅವು ಹತ್ತಿರ ಹತ್ತಿರ ಬಂದವು. ಒಂದರ ಕೊಕ್ಕು ಅವನ ರಬ್ಬರ್ ಬೂಟಿಗೆ ತಾಗಿತು. ಹಕ್ಕಿ ತಲೆಯೆತ್ತಿ ಕೆಂಪು ಕಣ್ಣಿನಿಂದ ಅವನನ್ನು ನೋಡಿತು, ಏನೂ ವಿಶೇಷವಿಲ್ಲವೆಂಬಂತೆ ಮುಂದಕ್ಕೆ ಹೋಯಿತು. ಇಷ್ಟು ವರ್ಷ ಅವನು ಕಂಡಿದ್ದು ಬರೀ ಅವುಗಳ ಬೆನ್ನನ್ನು, ಹಾರಿಹೋಗುವ ಬೆನ್ನನ್ನು. ತಾನಿನ್ನೂ ಹಾಸಿಗೆಯಲ್ಲೇ ಇದ್ದೇನೆಯೇ ಎಂದು ಅವನಿಗೆ ಒಮ್ಮೆ ಅನುಮಾನವಾಯಿತು. ಉಸಿರಾಡಲೂ ಹೆದರಿಕೆಯಾಯಿತು.

ಆದರೆ ನೀರು ಇಳಿಯುತ್ತಿತ್ತು. ಬೂಟಿನ ಮೇಲೆ ಒದ್ದೆಯ ಗೆರೆ ಮೇಲುಳಿದು ನೀರು ಕೆಳಕ್ಕೆ ಸರಿಯುವುದನ್ನು ಅವನು ನೋಡಿದ. ಇನ್ನು ಸ್ವಲ್ಪ ಹೊತ್ತಾದರೆ ಇಲ್ಲಿ ಕೆಸರು ಉಳಿಯುತ್ತದೆ, ಇವೆಲ್ಲ ಏಳುತ್ತವೆ. ಎತ್ತ ಹೋಗುತ್ತವೆ? ಅದನ್ನು ಅವನು ಹಿಂದೆಂದೂ ಯೋಚಿಸಿದವನಲ್ಲ. ಹಲಗೆಯ ಮೇಲಿದ್ದ ಅಂಗೈಯನ್ನು ಅವನು ಮೆಲ್ಲಗೆ ಒತ್ತಿದ. ಮಲಗಿದ ಕೂಸನ್ನು ತೋಳಿನಿಂದ ಹಾಸಿಗೆಗೆ ಇಳಿಸುವವರ ಹಾಗೆ, ಬೆರಳಗಲ ಬೆರಳಗಲ ಹಲಗೆಯನ್ನು ಇಳಿಸಿದ. ನೀರಿನ ಸದ್ದು ನಿಂತಿತು. ಆ ನಿಶ್ಶಬ್ದಕ್ಕೆ ಹಕ್ಕಿಗಳೆಲ್ಲ ಒಮ್ಮೆಗೇ ಕತ್ತೆತ್ತಿದವು. ಅವನ ಬೆನ್ನು ನೋಯುತ್ತಿತ್ತು, ಜೇಬಿನಲ್ಲಿ ಫೋನು ನಡುಗುತ್ತಿತ್ತು. ಅವನು ಅಲುಗಲಿಲ್ಲ. ಹೊಟ್ಟೆ ತುಂಬಿದವು ಒಂದೊಂದಾಗಿ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ, ಅವನ ಸುತ್ತಲೇ ನಿದ್ದೆಹೋದವು.

ಮಂಜು ತೆಳುವಾಗುವ ಹೊತ್ತಿಗೆ ಹಕ್ಕಿ ನೋಡಲೆಂದು ಧಾಮದವರು ಎತ್ತರದಲ್ಲಿ ಕಟ್ಟಿದ್ದ ಮರದ ಗೂಡಿನಲ್ಲಿ, ಬೇರೆ ಊರಿನಿಂದ ಬಂದಿದ್ದ ಹೆಂಗಸೊಬ್ಬಳು ದುರ್ಬೀನಿನಿಂದ ಮುಖ ತೆಗೆಯದೆ ಹೇಳಿದಳು, "ಅಕ್ಕ, ಹಕ್ಕಿಗಳ ಮಧ್ಯೆ ಯಾರೋ ನಿಂತಿದಾರೆ. ನಿಮ್ಮವರಾ?"

ಧಾಮದವರೇ ಎಂದು ಅವಳು ಕೇಳಿದ್ದು. ಸೂಫೆನ್ ಬಗ್ಗಿ ನೋಡಿದಳು. ತೂಬಿನ ಮೇಲೆ ಗಂಡನ ಕೈ ಕಂಡಿತು, ನೀರು ಬಸಿಯುತ್ತಿದ್ದಾನೆ ಎಂದುಕೊಂಡಳು. "ಹೂಂ, ನಮ್ಮವರೇ," ಎಂದಷ್ಟೇ ಹೇಳಿ ಗೂಡಿನಿಂದ ಇಳಿದು ಏರಿಯ ಮೇಲೆ ದಡದಡ ನಡೆದಳು. ಹೊರಗಾಲುವೆಗೆ ನೀರು ಬೀಳುವ ಕೊಳವೆಯ ಬಳಿ ಬಂದು ನಿಂತಳು. ಕೆಳಗಿನ ಮಣ್ಣು ಹಸಿಯಾಗಿತ್ತು. ಕೊಳವೆಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು. ತೆರೆದ ತೂಬನ್ನು ಅವನೇ ಮತ್ತೆ ಮುಚ್ಚಿದ್ದ.

ಕಂಪನಿಯ ಗಾಡಿ ಏರಿಯ ತುದಿಯಲ್ಲಿ ಕಾಣಿಸಿದಾಗ ಅವಳು ಎದ್ದು, ಎರಡೂ ಕೈ ಅಗಲಿಸಿ ಅಡ್ಡ ನಿಂತಳು. ಇಂಜಿನ್ ಆರಿಸಿ ಎಂದು ಸನ್ನೆ ಮಾಡಿದಳು. ಅಳತೆಯ ಟೇಪು ಹಿಡಿದು ಕೆಳಗಿಳಿದ ಯುವಕ, ಸೋಲಾರ್ ಕಂಬಕ್ಕೆಂದು ಹೊಂಡ ಅಳೆಯಲು ಬಂದಿದ್ದೇವೆ, ಮಾಲೀಕರು ಫೋನೇ ಎತ್ತುತ್ತಿಲ್ಲ, ಅವರನ್ನೇ ಕಾಣಬೇಕು ಎಂದ.

"ಅಲ್ಲಿದಾರೆ ನೋಡಿ," ಅಂದಳು ಸೂಫೆನ್. "ಈಗ ಅವರು ಮಾತಾಡೋ ಹಾಗಿಲ್ಲ."

ಯುವಕ ಅತ್ತ ನೋಡಿದ. ಬಿಳಿಯ ನಿದ್ದೆಯ ನಡುವೆ ಬೆನ್ನು ಬಗ್ಗಿಸಿಕೊಂಡು ನಿಂತ ಒಬ್ಬ ಮನುಷ್ಯ, ಅವನ ನೆರಳಿನಲ್ಲೂ ಒಂದು ಹಕ್ಕಿ. ಯುವಕನ ದನಿ ತಾನಾಗಿಯೇ ತಗ್ಗಿತು.

"ಎಷ್ಟು ಹೊತ್ತು ಕಾಯ್ಬೇಕಾಗ್ಬಹುದು?"

"ಮಾರ್ಚಿನವರೆಗೆ," ಅಂದಳು ಸೂಫೆನ್. "ಆಗ ಅವು ಊರಿಗೆ ಹೊರಡ್ತವೆ."