ಕುದುರೆ ಮನೆಯ ಗಂಡು

ನೋವಿನ ಎಣ್ಣೆಯ ಬಾಟಲಿ ಮತ್ತೆ ತಳ ಕಂಡಿತ್ತು.

ಶಿವಮೂರ್ತಪ್ಪನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೋರಲು ಹಾಕಿ ಅಂಗೈಗೆ ತಟ್ಟಿದರು. ಒಂದು ಹನಿ ಬಿತ್ತು. ತಾವು ಕದ್ದು ಹಚ್ಚಿಕೊಂಡದ್ದು ಚೂರೇ ಚೂರು, ಇಷ್ಟು ಬೇಗ ಹೇಗೆ ಮುಗಿಯಿತು? ಆದರೆ ತೊಡೆ, ಸೊಂಟ, ಹೇಳಬಾರದ ಜಾಗವೆಲ್ಲ ಒಟ್ಟಿಗೆ ಉರಿಯುವಾಗ ಅಳತೆ ಯಾರಿಗೆ ನೆನಪಿರುತ್ತದೆ?

“ಏನ್ರೀ ಹುಡುಕ್ತಿದೀರಿ?” ಹೆಂಡತಿ ಕಾಶಮ್ಮನ ದನಿ ಅಡುಗೆಮನೆಯಿಂದ ಬಂತು.

“ಏನಿಲ್ಲ ಕಣೇ. ಕನ್ನಡಕ.”

“ಮೂಗಿನ ಮೇಲೇ ಐತಲ್ಲ.”

ಸಿಕ್ಕಿಬಿದ್ದೆ ಎಂದುಕೊಂಡರು. ಆದರೆ ಮರುದಿನ ಅದೇ ಗೂಡಿನಲ್ಲಿ ಹೊಸ ಬಾಟಲಿ ಇತ್ತು. ಕಾಶಮ್ಮ ಒಂದು ಮಾತೂ ಕೇಳಲಿಲ್ಲ. ಸದ್ಯ, ಬಚಾವಾದರು.

ಸಿಂಗಟಗೆರೆಯಲ್ಲಿ ಅವರದು ಕುದುರೆ ಮನೆ. ಅಜ್ಜನ ಕಾಲದಿಂದ ಕೊಟ್ಟಿಗೆಯಲ್ಲಿ ಒಂದು ಕುದುರೆ ಇದ್ದೇ ಇದೆ. ಊರಿನಲ್ಲಿ ಯಾರದೇ ಮದುವೆಯಾಗಲಿ, ಗಂಡು ಆ ಕುದುರೆ ಏರಿ ಮಂಟಪಕ್ಕೆ ಬರಬೇಕು; ಕುದುರೆ ಮನೆಯವರು ಲಗಾಮು ಹಿಡಿದು ಮುಂದೆ ನಡೆಯಬೇಕು. ಹೀಗಾಗಿ ಹಿಡಿಯುವುದೇ ಇವರ ಪಾಲಿಗೆ ಬಂತು, ಹತ್ತುವುದು ಮನೆತನದಲ್ಲಿ ಯಾರಿಗೂ ಬರಲಿಲ್ಲ. ಶಿವಮೂರ್ತಪ್ಪನವರಿಗಂತೂ ಕುದುರೆಯ ಬೆನ್ನು ಮನೆಯ ಅಟ್ಟಕ್ಕಿಂತ ಎತ್ತರವಾಗಿ ಕಾಣುತ್ತಿತ್ತು. ತಮ್ಮ ಮದುವೆಯ ದಿನ, ಕುದುರೆಯ ಕಾಲು ಉಳುಕಿದೆ ಎಂದು ಸುಳ್ಳು ಹೇಳಿ ನಡೆದೇ ಬಂದಿದ್ದರು. ಮಂಟಪದಲ್ಲಿ ಕಾದು ಕೂತಿದ್ದ ಯಗಟಿಯ ಹುಡುಗಿ ಕಾಶಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

“ಊರ ಗಂಡುಗಳೆಲ್ಲ ಕುದ್ರೆ ಮೇಲೆ ಬಂದ್ರು. ಕುದ್ರೆ ಮನೆ ಗಂಡು ಮಾತ್ರ ಚಪ್ಪಲಿ ಸವೆಸ್ಕೊಂಡು ಬಂದ.”

ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದರೂ ಕಾಶಮ್ಮನ ಉತ್ತರ ಇದೇ. ಹೇಳುವುದು ನಗುತ್ತಲೇ. ಆದರೂ ಶಿವಮೂರ್ತಪ್ಪನವರಿಗೆ ಪ್ರತಿ ಸಲವೂ ಎದೆಯಲ್ಲಿ ಚುರುಕ್ ಎನ್ನುತ್ತಿತ್ತು.

ಈ ವರ್ಷ ಅವರಿಗೆ ಅರವತ್ತು ತುಂಬುತ್ತದೆ. ಮಕ್ಕಳು ಅಪ್ಪ ಅಮ್ಮನಿಗೆ ಇನ್ನೊಂದು ಸಲ ಮದುವೆಯ ಶಾಸ್ತ್ರ ಮಾಡಿಸಲು ಹೊರಟಿದ್ದರು. ಈ ಸಲ ಕುದುರೆಯ ಮೇಲೇ ಬರಬೇಕು, ಅವಳು ಕಣ್ಣರಳಿಸಿ ನೋಡಬೇಕು. ಇದು ತಪ್ಪಿದರೆ ಮುಗಿಯಿತು. ಮೂರನೆಯ ಸಲ ಮದುವೆ ಮಾಡಿಸುವವರು ಯಾರು?

ತರೀಕೆರೆಯಲ್ಲಿ ಫಿರ್ದೋಸ್ ಎಂಬ ಹೆಣ್ಣುಮಗಳು ಸವಾರಿ ಕಲಿಸುವ ಶಾಲೆ ತೆರೆದಿದ್ದಳು. ಅವಳ ಅಜ್ಜ ಜಟಕಾ ಓಡಿಸಿದವರು. ಅವಳಿಗೊಂದು ಸಾಧು ಕುದುರೆ ಬೇಕಿತ್ತು.

“ಮದುವೆ ಕಾಲ ಬರೋಗಂಟ ನಮ್ ಚಂದ್ರಿ ಅಲ್ಲೇ ಇರ್ಲಿ. ಮೇವೂ ಅವರ್ದೇ,” ಎಂದು ಶಿವಮೂರ್ತಪ್ಪನವರು ಮನೆಯಲ್ಲಿ ಹೇಳಿದರು.

ಕಾಶಮ್ಮ ರಂಪ ಮಾಡುತ್ತಾರೆಂದೇ ಎಣಿಸಿದ್ದರು. ಕರು ಮಾರಿದ್ದಕ್ಕೆ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ ಹೆಂಗಸು. ಚಂದ್ರಿಗೆ ದಿನಾ ಹುರುಳಿ ಬೇಯಿಸಿ ಹಾಕುವವರೂ ಅವರೇ. ಆದರೆ, “ಕೊಡಿ, ಪಾಪ, ಹೆಣ್ಮಗ ಬದುಕ್ಕೊಳ್ಳಿ,” ಅಂದುಬಿಟ್ಟರು.

ಆಮೇಲೆ ಪ್ರತಿ ಸೋಮವಾರ, ಕೊಬ್ಬರಿ ರೇಟು ವಿಚಾರಿಸಲು ಕಡೂರಿಗೆ ಎಂದು ಹೊರಟ ಶಿವಮೂರ್ತಪ್ಪನವರು ತರೀಕೆರೆಯಲ್ಲಿ ಇಳಿಯುತ್ತಿದ್ದರು. ಒಂದೇ ಭಯ: ಕಾಶಮ್ಮನ ಅಕ್ಕ ಮಲ್ಲಿಕಾಂಬನ ಮನೆಯೂ ಅಲ್ಲೇ. ಅಕ್ಕನಿಗೆ ಮಂಡಿನೋವು, ನೋಡಿಕೊಂಡು ಬರುತ್ತೇನೆ ಎಂದು ಕಾಶಮ್ಮ ಗುರುವಾರ ಹೋಗುತ್ತಿದ್ದರು. ಅದಕ್ಕೇ ಇವರು ಗುರುವಾರ ಅತ್ತ ತಲೆಯೂ ಹಾಕುತ್ತಿರಲಿಲ್ಲ.

“ಹೆದರ್ಬೇಡಿ ಯಜಮಾನ್ರೇ, ನಿಮ್ದೇ ಕುದ್ರೆ ಅಲ್ವಾ?” ಎಂದಳು ಫಿರ್ದೋಸ್.

“ನಂದೇ ಕಣಮ್ಮ. ಅದು ಕುದ್ರೆಗೂ ಗೊತ್ತಾಗ್ಬೇಕಲ್ಲ.”

ಬಂದಾಗಲೆಲ್ಲ ಅವಳು ಜೀನಿನಿಂದ ಇಳಿಬಿದ್ದ, ಕಾಲಿಡುವ ರಿಕಾಪಿನ ಪಟ್ಟಿ ಉದ್ದ ಮಾಡಿ ಇವರ ಕಾಲು ನಿಲುಕುವಂತೆ ಕಟ್ಟುತ್ತಿದ್ದಳು. ಚಂದ್ರಿ ಮಾತ್ರ ಇವರ ಸೊಂಟಕ್ಕೆ ಮೂತಿ ತೂರಿಸಿ ಏನನ್ನೋ ಹುಡುಕುತ್ತಿತ್ತು.

“ಇದೇನಮ್ಮ ಹೊಸ ಚಾಳಿ?”

“ಯಾರೋ ಬೆಲ್ಲದ ರುಚಿ ಹಿಡಿಸ್ಬಿಟ್ಟವ್ರೆ,” ಎಂದು ಫಿರ್ದೋಸ್ ಮುಖ ತಿರುಗಿಸಿ ನಕ್ಕಳು.

“ನಾನು ಕಲೀತಿರೋದು ನಮ್ಮನೇಲಿ ಗೊತ್ತಾಗ್ಬಾರ್ದು ತಾಯಿ. ಮಾನ ಹೋಯ್ತದೆ.”

“ಹೇಳಲ್ಲ ಬಿಡಿ. ಇಲ್ಲಿ ಒಬ್ರ ಗುಟ್ಟು ಇನ್ನೊಬ್ರಿಗೆ ಹೋಗಲ್ಲ.”

ಎರಡು ಸಲ ಬಿದ್ದರು. ಒಮ್ಮೆ ಜೂಲು ಹಿಡಿದು ಜೋತಾಡಿದರು. ಆದರೂ ಬಿಡಲಿಲ್ಲ. ಕೊನೆಗೊಂದು ಸೋಮವಾರ, ಯಾರೂ ಹಿಡಿಯದೆ ಮೈದಾನವನ್ನೊಂದು ಸುತ್ತು ಬಂದರು. ಇಳಿದಾಗ ಕಣ್ಣಲ್ಲಿ ನೀರಿತ್ತು. ಧೂಳು ಎಂದರು.

ಆ ವಾರ ಕಾಶಮ್ಮ ಅಕ್ಕನ ಮನೆಯಿಂದ ಸೊಂಟ ಹಿಡಿದುಕೊಂಡೇ ಬಂದರು. “ಹಾಳು ಬಸ್ಸು ಕಣ್ರೀ.”

“ಬಸ್ಸೇ ಹಂಗೆ ಕಣೇ,” ಎಂದು ಶಿವಮೂರ್ತಪ್ಪನವರು ಮನಸಾರೆ ಒಪ್ಪಿದರು. ತಮ್ಮ ಕುಂಟುನಡಿಗೆಗೂ ಅದೇ ನೆಪ ಸಾಕಾಗಿತ್ತು.

ಶಾಸ್ತ್ರದ ದಿನ ಬಂತು. ಫಿರ್ದೋಸ್ ಚಂದ್ರಿಯನ್ನು ಗಾಡಿಯಲ್ಲಿ ಊರಿಗೆ ತಂದು, ಮನೆ ಮುಂದೆ ನಿಲ್ಲಿಸುವುದೆಂದು ಮಾತಾಗಿತ್ತು. ಕಾಶಮ್ಮ ಬೆಳಗ್ಗೆಯೇ ಮಂಟಪಕ್ಕೆಂದು ಹೊರಟಿದ್ದರು. ತಂಗಿಯನ್ನು ಅವಸರಪಡಿಸುತ್ತ, ಮಂಡಿನೋವಿನ ಮಲ್ಲಿಕಾಂಬ ಮೆಟ್ಟಿಲನ್ನು ದಡದಡ ಇಳಿದು ಹೋಗಿದ್ದರು.

ಶಿವಮೂರ್ತಪ್ಪನವರು ರೇಷ್ಮೆ ಪಂಚೆ ಉಟ್ಟು, ಪೇಟ ಸುತ್ತಿ ಜಗಲಿಯ ಮೇಲೆ ನಿಂತರು. ಬೀದಿ ತುಂಬ ಜನ.

“ಏನಪ್ಪಾ, ಈ ಸಲನಾದ್ರೂ ಕುದ್ರೆ ಕಾಲು ನೆಟ್ಟಗೈತಾ?” ಪಕ್ಕದ ಮನೆಯ ಈರಭದ್ರಪ್ಪ ಕೆಣಕಿದ.

“ನೋಡ್ತಾ ಇರು,” ಎಂದು ಮೀಸೆ ತಿರುವಿದರು.

ಫಿರ್ದೋಸ್ ಬಂದಳು. ಬರಿಗೈಯಲ್ಲಿ.

“ಚಂದ್ರಿ ಎಲ್ಲಮ್ಮಾ?”

“ಬತ್ತಾ ಐತೆ ಯಜಮಾನ್ರೇ.” ಅವಳು ತುಟಿ ಕಚ್ಚಿಕೊಂಡಳು. “ಏನ್ಮಾಡ್ಲಿ, ಗುರುವಾರ ಬರೋರು ನಿಮಗಿಂತ ಮೊದ್ಲೇ ಕೇಳ್ಬಿಟ್ಟಿದ್ರು.”

ಬೀದಿಯ ತಿರುವಿನಲ್ಲಿ ಗೊರಸಿನ ಸದ್ದಾಯಿತು. ಜನ ಹೋ ಎಂದು ದಾರಿ ಬಿಟ್ಟರು. ಚಂದ್ರಿ ತಲೆಯೆತ್ತಿ ಬರುತ್ತಿತ್ತು. ಅದರ ಬೆನ್ನ ಮೇಲೆ ರೇಷ್ಮೆ ಸೀರೆಗೆ ಕಚ್ಚೆ ಹಾಕಿ, ಸೆರಗಿನ ತುದಿಯಲ್ಲಿ ಬೆಲ್ಲ ಗಂಟು ಹಾಕಿಕೊಂಡು, ಲಗಾಮು ಬಿಗಿಹಿಡಿದು ಕೂತಿದ್ದವರು ಕಾಶಮ್ಮ.

“ಈ ಸಲಾನೂ ನೀವು ನಡ್ಕೊಂಡೇ ಬತ್ತೀರಿ ಅಂತ, ನಾನೇ ಬಂದೆ ಕಣ್ರೀ!”