ಎಣ್ಣೆ ಹಚ್ಚಿದ ಕಲ್ಲು

ಮೇಘಶ್ರೀ ತನ್ನ ಕಲ್ಲನ್ನು ಕಲ್ಲುಗಳ ಗುಡ್ಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ಬೇಕಾದ್ದನ್ನು ಬೇಡಿಕೊಂಡಳು. ಅವಳ ಮೆಚ್ಚಿನ ಕಾದಂಬರಿಯ ನಾಯಕಿಯೂ ಕಾವೇರಿ ಹೊಳೆಯ ಇದೇ ನಡುಗಡ್ಡೆಯಲ್ಲಿ ಹಾಗೆ ಮಾಡಿದ್ದಳು. ಅವಳು ಯಾರಿಗಾಗಿ ಕಾಯುತ್ತಿದ್ದಳೋ ಅವನು ಮರಳಿ ಬಂದಿದ್ದ. ಆ ಪುಟಗಳನ್ನು ಓದಿದವರೆಲ್ಲ ನಾಟ್ರಾಂಪಾಳ್ಯದ ದಾರಿ ಹಿಡಿದು, ಹರಿಗೋಲು ಹತ್ತಿ ಬಂದು, ಒಂದೊಂದು ಕಲ್ಲಿಟ್ಟು ಹೋಗಿದ್ದರು. ಹೊಸೂರಿನ ಕಾರ್ಖಾನೆಯಲ್ಲಿ ರಜೆ ಸಿಕ್ಕಿದ್ದೇ ತಡ, ಅವಳೂ ಬಂದಿದ್ದಳು.

ಕಣ್ಣು ತೆರೆದಾಗ, ಹರಿಗೋಲಿನಲ್ಲಿ ಜೊತೆಗೇ ಬಂದಿದ್ದ ಮುದುಕಿ ಮುನಿಗಂಗಮ್ಮ ಬಟ್ಟಲಿನ ಹರಳೆಣ್ಣೆಗೆ ಬೆರಳದ್ದಿ ಒಂದೊಂದೇ ಕಲ್ಲಿಗೆ ಸವರುತ್ತಿದ್ದಳು.

"ನೀವೂ ಹರಕೆ ಹೊತ್ತಿದ್ದೀರಾ ಅಜ್ಜಿ?"

"ಹರಕೆ ಅಲ್ಲ ಕಣವ್ವ. ಹೊಳೇಲಿ ಕೊಚ್ಕೊಂಡೋಗಿ ಹೆಣಾನೂ ಸಿಕ್ದೇ ಇದ್ದೋರ್ಗೆ ನಮ್ಮೂರೋರು ಇಲ್ಲಿ ಕಲ್ಲಿಕ್ತೀವಿ. ಮಣ್ಣು ಮಾಡಾಕೆ ಏನೂ ಇರಾಕಿಲ್ವಲ್ಲ. ನನ್ ಮಗ ಕುಮಾರೇಶಂಗೂ ಒಂದು ಇಕ್ಕಿದ್ದೆ. ವರ್ಷ ವರ್ಷ ಎಣ್ಣೆ ಹಚ್ಚಿ ಹೆಸರಿಡ್ದು ಕರೀಬೇಕು. ಆಗ ಇಲ್ಲಿದ್ದಿದ್ದು ಏಳೇ ಕಲ್ಲು. ಈಗ ಅವನ್ದು ಯಾವ್ದೋ ನಂಗೇ ಗೊತ್ತಾಗಾಕಿಲ್ಲ. ಅದ್ಕೇ ಎಲ್ಲಕ್ಕೂ ಹಚ್ಬುಡ್ತೀನಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮೇಘಶ್ರೀ ತನ್ನ ಕಲ್ಲನ್ನು ತೆಗೆದುಬಿಡಲು ಅವಸರದಿಂದ ಕೈ ಚಾಚಿದಳು. ಅಷ್ಟರಲ್ಲಿ ಮುದುಕಿಯ ಬೆರಳು ಅದನ್ನು ಮುಟ್ಟಿಯಾಗಿತ್ತು. ಎಳೆಗೂಸಿನ ನೆತ್ತಿಗೆ ಒತ್ತುವ ಹಾಗೆ ಮೆತ್ತಗೆ ಎಣ್ಣೆ ಒತ್ತಿ, ಕಲ್ಲಿನ ಹತ್ತಿರಕ್ಕೆ ಬಗ್ಗಿ, "ಕುಮಾರೇಶಾ" ಎಂದು ಕರೆದಳು. ಓಗೊಡುತ್ತಾನೇನೋ ಎಂಬಂತೆ ಒಂದು ಗಳಿಗೆ ಕಿವಿಗೊಟ್ಟು ಕೂತಳು.

ಮೇಘಶ್ರೀ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.