ಗುಬ್ಬಿಯ ಅಭಿಮಾನಿ

ಬೈಂಡರ್ ಅಂಟು ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದ. ಹನ್ನೊಂದು ದಿನದಿಂದ, ಗುಬ್ಬಿ ಎಂಬ ಹೆಸರಿನಲ್ಲಿ ಬರೆಯುವಾಕೆ ಏನೂ ಬರೆದಿರಲಿಲ್ಲ. ಇವತ್ತು ಬರೆದದ್ದೂ ಮೂರೇ ಸಾಲು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಕಾಯಿಲೆ ಹಿಡಿತಕ್ಕೆ ಬಂದಿದೆ. ಆದರೆ ತಲೆ ಮಂಕಾಗಿ ಮಾತೇ ಹುಟ್ಟುತ್ತಿಲ್ಲ. ಇನ್ನು ಬರೆಯಲಾರೆ.

ಅವನಿಗೆ ಬಾಯಿಗೆ ಬಂದ ತುತ್ತು ಕಿತ್ತುಕೊಂಡಂತಾಯಿತು. ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಊರವರ ಪುಸ್ತಕಕ್ಕೆಲ್ಲ ರಟ್ಟು ಹಾಕಿದವನು. ಓದುವ ಹುಚ್ಚು ಹತ್ತಿದ್ದು ಮಾತ್ರ ಫೋನು ಕೈಗೆ ಬಂದ ಮೇಲೆ. ಇಂಟರ್‌ನೆಟ್ಟಿನಲ್ಲಿ ಕಂಡ ಒಳ್ಳೊಳ್ಳೆಯ ಬರಹಗಳನ್ನು ತೆಗೆದಿಟ್ಟುಕೊಂಡು, ದಿನಕ್ಕೊಂದರಂತೆ ಪ್ರೆಸ್ಸಿನವರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದ. ಮುಕ್ಕಾಲು ಪಾಲು ಗುಬ್ಬಿಯವೇ. ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ತೊಟ್ಟಿಕ್ಕುವ ನಲ್ಲಿಯ ಬಗ್ಗೆ ಬರೆದರೂ ಮಷೀನಿನವರು ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಕೂತಲ್ಲೇ ಉತ್ತರ ಬರೆದ. “ಮಾತ್ರೆ ನುಂಗಿ ಬದುಕೋರು ಲಕ್ಷ ಜನ ಇದ್ದಾರೆ. ಹೀಗೆ ಬರೆಯೋರು ನೀವೊಬ್ಬರೇ. ಮಾತ್ರೆ ಬಿಟ್ಟು ನೋಡಿ.” ಕೆಳಗೆ ಎಂದಿನಂತೆ ತನ್ನ ಹೆಸರು ಹಾಕಿದ.

ಸಂಜೆಯೊಳಗೆ ಮರುಮಾತು ಬಂತು. “ನಿಮ್ಮ ಮಾತು ಮೀರೋಕಾಗುತ್ತಾ?”

ಬೈಂಡರ್ ಹಿಗ್ಗಿಹೋದ. ಅದನ್ನೂ ತೆಗೆದಿಟ್ಟುಕೊಂಡ.

ಅವನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಗೆ ಬಂದರೆ ಫೋನಿನಿಂದ ಕಣ್ಣು ಕೀಳುತ್ತಿರಲಿಲ್ಲ. ಈಚೆಗೆ ಅವಳ ಮುಖ ಕಳೆಗುಂದಿತ್ತು. ಅಡುಗೆಮನೆಯಲ್ಲಿ ತಾಯಿ ಮಗಳು ತಗ್ಗಿದ ದನಿಯಲ್ಲಿ ಜಗಳವಾಡುವುದು, ಅವನು ಕಾಲಿಟ್ಟೊಡನೆ ಬಾಯಿ ಮುಚ್ಚಿಕೊಳ್ಳುವುದು ನಡೆದೇ ಇತ್ತು. ಪ್ರಾಯದ ಹುಡುಗಿ, ಏನೋ ಇರಬೇಕು ಎಂದುಕೊಂಡು ಸುಮ್ಮನಾದ.

ಗುಬ್ಬಿ ಮತ್ತೆ ಬರೆಯತೊಡಗಿದಳು. ದಿನ ಬಿಟ್ಟು ದಿನ, ಮೊದಲಿಗಿಂತ ಚೂಪಾಗಿ. ಊಟಕ್ಕೆ ಕೂತಾಗ ಬೈಂಡರ್ ಒಂದನ್ನು ಗಟ್ಟಿಯಾಗಿ ಓದಿದ. ತಾನೇ ಒತ್ತಾಯ ಮಾಡಿ ಬರೆಸಿದ್ದು ಎಂದು ಜಂಬವನ್ನೂ ಕೊಚ್ಚಿಕೊಂಡ. ಮಗಳು ತಟ್ಟೆ ಬಿಟ್ಟು ಎದ್ದುಹೋದಳು.

“ಅಷ್ಟು ಚೆನ್ನಾಗಿ ಬರೀತಾಳಾ?” ಬಡಿಸುತ್ತಿದ್ದ ಹೆಂಡತಿ ಕೇಳಿದಳು.

“ನಿಂಗೆ ಹೇಳಿದ್ರೆ ಏನು ತಿಳಿಯುತ್ತೆ? ಅವಳ ಕಾಲು ತೊಳೆದು ನೀರು ಕುಡೀಬೇಕು ನೀನು.”

ಹೆಂಡತಿ ನಕ್ಕು, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಮೂರು ವಾರ ಕಳೆದಿರಬೇಕು. ಮಧ್ಯಾಹ್ನ ಪ್ರೆಸ್ಸಿಗೆ ಮಗಳ ಫೋನು ಬಂತು. ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ. ಅವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು, ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಅವಳು ಅಪ್ಪನ ಮುಖ ನೋಡಲಿಲ್ಲ.

ಅವನ ದುಃಖವೇನೂ ಸುಳ್ಳಲ್ಲ. ಬಂದವರೆಲ್ಲ ಹೆಂಡತಿಯ ಬಗ್ಗೆ ಒಂದೆರಡು ಮಾತು ಹೇಳು ಎಂದರು. ಐದನೆಯ ದಿನ ಬೆಳಿಗ್ಗೆ ಕೂತು ಗುಬ್ಬಿಗೆ ಬರೆದ. “ನನ್ನ ಹೆಂಡತಿ ಹೋದಳು. ಇಪ್ಪತ್ತಾರು ವರ್ಷ ಜೊತೆಗಿದ್ದಳು. ಅವಳ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂದ್ರೆ ನಂಗೇನೂ ಗೊತ್ತಿಲ್ಲ. ದಯವಿಟ್ಟು ನೀವೇ ಬರೆದುಕೊಡಿ.”

ಕಳಿಸಿದ.

ಅಡುಗೆಮನೆಯಲ್ಲಿ, ಮಗಳು ಚಾರ್ಜಿಗೆ ಹಾಕಿಟ್ಟಿದ್ದ ಹೆಂಡತಿಯ ಫೋನು ಟಿಣ್ ಎಂದಿತು.